ಬೆಂಕಿಯಿಲ್ಲದ ಮನೆಯ ರೀಡಿಂಗು

ಆ ಮನೆಯಲ್ಲಿ ಒಂದು ಬೆಂಕಿಪೊಟ್ಟಣವೂ ಇರಲಿಲ್ಲ. ಅಡುಗೆಗೆ ಕರೆಂಟ್ ಒಲೆ, ಸ್ನಾನಕ್ಕೆ ಕರೆಂಟ್ ಗೀಸರ್, ಚಳಿಗೆ ಗೋಡೆಗೆ ಕೂರಿಸಿದ ಕರೆಂಟ್ ಹೀಟರ್. ಗ್ಯಾಸ್ ಸಿಲಿಂಡರ್ ಹೊತ್ತವನು ವಿಳಾಸ ತಪ್ಪಿ ಬಾಗಿಲು ಬಡಿದರೆ, ಮನೆಯ ಯಜಮಾನ ಅವನನ್ನು ಒಳಗೆ ಕರೆದು ಒಂದೊಂದೇ ಸ್ವಿಚ್ಚು ತೋರಿಸಿಯೇ ಬಿಡುತ್ತಿದ್ದ. ಯಜಮಾನ ಎಲೆಕ್ಟ್ರಿಷಿಯನ್. ಇಪ್ಪತ್ತು ವರ್ಷ ಬೇರೆಯವರ ಮನೆಗಳಲ್ಲಿ ತಂತಿ ಎಳೆದು, ಕೊನೆಗೆ ತನಗೊಂದು ಮನೆ ಕಟ್ಟಿಕೊಂಡಾಗ ಇದರಲ್ಲಿ ಏನೂ ಉರಿಯಕೂಡದು ಎಂದು ಪಣ ತೊಟ್ಟಿದ್ದ.

"ಏನೂ ಉರಿಯಲ್ಲ. ಪಕ್ಕದ ಬೀದಿಯವನಿಗೆ ಕಾಂಟ್ರ್ಯಾಕ್ಟ್ ಸಿಕ್ಕಿದ ದಿನ ಇವರ ಹೊಟ್ಟೆ ಒಂದು ಬಿಟ್ಟು," ಎನ್ನುತ್ತಿದ್ದಳು ಅವನ ಹೆಂಡತಿ.

ಈ ಮನೆಯ ಮೇಲಿನ ಕೋಣೆಯಲ್ಲಿ ಯಜಮಾನನ ಅಕ್ಕ ಇದ್ದಳು. ಊರಿಗೆಲ್ಲ ಅವಳು ಮೀಟರಕ್ಕ. ಮೂವತ್ತೊಂದು ವರ್ಷ ಮನೆಮನೆಗೆ ನಡೆದು ಕರೆಂಟ್ ಮೀಟರ್ ಓದಿದವಳು. ಕೆಲಸಕ್ಕೆ ಸೇರಿದಾಗ ಇಪ್ಪತ್ತೆರಡು ವಯಸ್ಸು. ಆಗ ಆ ಕೆಲಸದಲ್ಲಿ ಬೇರೆ ಹೆಂಗಸರೇ ಇರಲಿಲ್ಲ. ಬಾಗಿಲು ತೆಗೆದವರು ಅವಳ ಮುಖ ನೋಡಿ, ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೋ ಎಂದು ಬೀದಿ ನೋಡಿ, ಮತ್ತೆ ಅವಳ ಮುಖ ನೋಡುತ್ತಿದ್ದರು. "ಮೀಟರ್ ನೋಡೋಕೆ ನೀವಾ?" ಎಂದರೆ, "ನಾನು ಮೀಟರ್ ನೋಡ್ತೀನಿ, ನೀವು ನನ್ನನ್ನ ನೋಡ್ತಾ ನಿಂತಿರಿ, ಬೇಗ ಆಗುತ್ತೆ," ಎಂದು ಒಳಗೆ ನಡೆಯುತ್ತಿದ್ದಳು. ಮೆಟ್ಟಿಲ ಕೆಳಗಿನ ಕತ್ತಲು, ಕಣಜ ಗೂಡು ಕಟ್ಟಿದ ಪೆಟ್ಟಿಗೆ, ಧೂಳು ಹಿಡಿದ ಗಾಜು, ಎಲ್ಲದರ ಹಿಂದಿನಿಂದ ಟಾರ್ಚಿನ ಬೆಳಕು ಬಿಟ್ಟು ಅಂಕಿ ಹೆಕ್ಕುತ್ತಿದ್ದಳು. ಯಾವ ಮನೆಗೆ ಹೊಸ ಫ್ರಿಜ್ ಬಂತು, ಯಾವ ಮನೆಯ ಮಗ ಪರೀಕ್ಷೆಗೆ ಕೂತಿದ್ದಾನೆ, ಯಾವ ಮನೆಯಲ್ಲಿ ಒಬ್ಬರು ಕಡಿಮೆಯಾದರು ಎಂಬುದು ಅವಳಿಗೆ ಅಂಕಿಯಿಂದಲೇ ತಿಳಿಯುತ್ತಿತ್ತು. ತಿಳಿದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಅವಳ ಪುಸ್ತಕದಲ್ಲಿ ಅಂಕಿ ಬರೆಯುವ ಅಂಕಣದ ಪಕ್ಕದಲ್ಲಿ ಷರಾ ಎಂಬ ಇನ್ನೊಂದು ಅಂಕಣ ಇತ್ತು. 'ಬಾಗಿಲು ಬೀಗ', 'ನಾಯಿ', 'ಗಾಜು ಒಡೆದಿದೆ' ಎಂದು ಬರೆಯುವುದಕ್ಕೆ. ಬೇರೆಯವರು ಅದನ್ನು ಖಾಲಿ ಬಿಡುತ್ತಿದ್ದರು. ಮೀಟರಕ್ಕ ಎಂದೂ ಬಿಡಲಿಲ್ಲ. ಬರೆಯಲು ಏನೂ ಇಲ್ಲದ ದಿನ, 'ಕಿಟಕಿಯಲ್ಲಿ ಬೆಕ್ಕು' ಎಂದಾದರೂ ಬರೆಯುತ್ತಿದ್ದಳು. ಆಮೇಲೆ ತಮ್ಮ ಲೆಕ್ಕ ತಾವೇ ಕಳಿಸುವ ಮೀಟರುಗಳು ಬಂದವು. ಅವಳ ನಡಿಗೆ ನಿಂತಿತು. ಕೈಯ ಚಾಳಿ ಮಾತ್ರ ನಿಲ್ಲಲಿಲ್ಲ.

ಹಾಗಾಗಿ ಅವಳ ತಮ್ಮ ಮನೆಯ ಕೆಳಕೋಣೆಗೆ ಹೊಗೆ ಕಂಡರೆ ಕೂಗುವ ಡಿಟೆಕ್ಟರ್ ತಂದು ಹಾಕಿದಾಗ, ಅದರ ಪುಟ್ಟ ಪರದೆಯಲ್ಲಿ ಒಂದು ಅಂಕಿ ಕಂಡದ್ದೇ ಅವಳು ಹೊಸ ನೋಟ್‌ಬುಕ್ ತೆರೆದಳು.

"ಇದೇನೋ ಸೊನ್ನೆ?"

"ಕಾರ್ಬನ್ ಮಾನಾಕ್ಸೈಡ್ ಅಕ್ಕ. ವಿಷಗಾಳಿ. ಬಣ್ಣ ಇಲ್ಲ, ವಾಸನೆ ಇಲ್ಲ. ಏನಾದ್ರೂ ಅರ್ಧಂಬರ್ಧ ಉರಿದ್ರೆ ಹುಟ್ಟುತ್ತೆ. ಉಸಿರಲ್ಲಿ ಹೋಗಿ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡ್ಕೊಂಡು ಕೂತುಬಿಡುತ್ತೆ. ಅಂಗಡಿಯವನು ಎರಡೂ ಸೇರಿರೋ ಪೆಟ್ಟಿಗೇನೇ ಕೊಟ್ಟ. ನಮ್ಮನೇಲಿ ಇದಕ್ಕೆ ಕೆಲಸಾನೇ ಇಲ್ಲ ಬಿಡು, ನಿನ್ನ ಹಾಗೆ ರಿಟೈರ್ಡು."

"ರಿಟೈರ್ ಆದವರನ್ನೂ ದಿನಾ ಒಂದ್ಸಲ ಮಾತಾಡಿಸ್ಬೇಕು," ಎಂದು ಅವಳು ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಕೆಳಗಿಳಿದು ಬರೆಯತೊಡಗಿದಳು. ಸೊನ್ನೆ. ಸೊನ್ನೆ. ನಲವತ್ತೊಂದು ದಿನ, ಎಂಬತ್ತೆರಡು ಸೊನ್ನೆ.

ಮನೆ ನಿಂತದ್ದು ಇಳಿಜಾರಿನ ಬಂಡೆಯ ಮೇಲೆ. ಕೆಳಕೋಣೆ ಅರ್ಧ ನೆಲದೊಳಗಿತ್ತು. ಅದರ ಹಿಂದಿನ ಗೋಡೆಯನ್ನು ಯಾರೂ ಕಟ್ಟಿರಲಿಲ್ಲ, ಅದು ಬಂಡೆಯೇ. ಎಲೆಕ್ಟ್ರಿಷಿಯನ್ ಅದಕ್ಕೆ ವಾರ್ನಿಷ್ ಬಳಿದು ಬಂದವರಿಗೆಲ್ಲ ತೋರಿಸುತ್ತಿದ್ದ. ಆ ಕೋಣೆಯಲ್ಲಿ ಅವನ ಹೆಂಡತಿ ಕಿಟಕಿ ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಎರಡು ತಿಂಗಳಿಂದ ಮುಂದಿನ ರಸ್ತೆ ಅಗೆದು ದೊಡ್ಡ ನೀರಿನ ಪೈಪು ಹಾಕುತ್ತಿದ್ದರು. ಧೂಳು ಬಟ್ಟೆಗೆ ಕೂರುತ್ತದೆಂದು ಅವಳು ಮಧ್ಯಾಹ್ನವೆಲ್ಲ ಕಿಟಕಿ ಮುಚ್ಚಿ, ಐದಕ್ಕೆ ಕೆಲಸ ಮುಗಿಸಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಅವಳ ತಲೆ ಸಿಡಿಯುತ್ತಿರುತ್ತಿತ್ತು. ಕನ್ನಡಕ ಬದಲಾಯಿಸಿದಳು. ದೀಪ ಬದಲಾಯಿಸಿದಳು. "ನಲವತ್ತೆಂಟಾಯ್ತಲ್ಲ, ಇನ್ನೇನು ತಲೆ ಹೂವಿನ ಹಾಗಿರುತ್ತಾ," ಎಂದು ಕೊನೆಗೆ ಸುಮ್ಮನಾದಳು.

ಒಂದು ಮಂಗಳವಾರ ಮಧ್ಯಾಹ್ನ ಪೆಟ್ಟಿಗೆ ಕೂಗಿತು.

ಮೇಲಿನ ಕೋಣೆಯಿಂದ ಮೀಟರಕ್ಕ ಓಡಿ ಬಂದಾಗ ತಮ್ಮನ ಹೆಂಡತಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೂತಿದ್ದಳು. "ಏನೋ ಕಿರುಚ್ತಾ ಇದೆ ಅಕ್ಕ, ಆರಿಸಿ," ಎಂದಳು, ದೂರದಿಂದ ಮಾತಾಡುವವಳ ಹಾಗೆ. ಮೀಟರಕ್ಕ ಅವಳ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋಗಿ ಅಂಗಳದಲ್ಲಿ ಕೂರಿಸಿದಳು. ಹೋಗುವಾಗ ಪೆಟ್ಟಿಗೆಯ ಪರದೆಯ ಮೇಲೆ ಕಣ್ಣು ಹಾಯಿಸದೆ ಇರಲಿಲ್ಲ. ಎಂಬತ್ತಾರು.

ಡಾಕ್ಟರು ರಕ್ತ ನೋಡಿ, ಅದರಲ್ಲಿ ವಿಷಗಾಳಿ ಸೇರಿದೆ ಎಂದು ಹೇಳಿ, ಮೂಗಿಗೆ ಆಮ್ಲಜನಕ ಇಟ್ಟು, ಸಂಜೆಗೆ ಕಳಿಸಿದರು. "ಮನೇಲಿ ಏನು ಉರಿಸ್ತೀರಿ?" ಎಂದು ಕೇಳಿದರು. ಎಲೆಕ್ಟ್ರಿಷಿಯನ್ನಿಗೆ ಅವಮಾನವಾಯಿತು. "ಏನೂ ಇಲ್ಲ ಸಾರ್. ಬೇಕಾದ್ರೆ ಬಂದು ನೋಡಿ."

ಅವನು ಕಿಟಕಿಗಳನ್ನೆಲ್ಲ ತೆರೆದು ಪೆಟ್ಟಿಗೆ ನೋಡಿದರೆ ಸೊನ್ನೆ. ಬೆಳಿಗ್ಗೆಯೂ ಸೊನ್ನೆ. ಪೇಟೆಯಿಂದ ಇನ್ನೊಂದು ಪೆಟ್ಟಿಗೆ ತಂದು ಪಕ್ಕದಲ್ಲಿಟ್ಟ. ಅಲ್ಲೂ ಸೊನ್ನೆ.

"ಹಳೇದು ಕೆಟ್ಟಿದೆ, ಅಷ್ಟೇ," ಎಂದ.

"ಪೆಟ್ಟಿಗೆ ಕೆಟ್ಟರೆ ರಕ್ತ ಯಾಕೋ ಕೆಡುತ್ತೆ?"

ಅವನು ಎರಡೂ ಪೆಟ್ಟಿಗೆಗಳನ್ನು ಒಂದು ಸ್ಟೂಲಿನ ಮೇಲಿಟ್ಟ. ಬಂಡೆಗೋಡೆಯ ಪಕ್ಕ ಹೊಸ ತೊಟ್ಟಿಲೊಂದು ಆಗಲೇ ಬಂದು ನಿಂತಿತ್ತು. ಬರುವ ವಾರದ ಶುಕ್ರವಾರ ಅವನ ಮಗಳು ಇಪ್ಪತ್ತು ದಿನದ ಕೂಸಿನೊಂದಿಗೆ ಬರುವವಳಿದ್ದಳು. ಮೆಟ್ಟಿಲು ಹತ್ತುವ ಹಾಗಿರಲಿಲ್ಲ ಅವಳು. ರಸ್ತೆಯಿಂದ ನೇರ ಒಳಬರುವ ಬಾಗಿಲು, ಪಕ್ಕದಲ್ಲೇ ಬಚ್ಚಲು ಇದ್ದದ್ದು ಆ ಕೆಳಕೋಣೆಗೆ ಮಾತ್ರ. ಮೀಟರಕ್ಕನ ಕಣ್ಣು ತೊಟ್ಟಿಲಿನಿಂದ ಪರದೆಗೆ, ಪರದೆಯಿಂದ ತೊಟ್ಟಿಲಿಗೆ ಹೋಯಿತು. ಅಂಗೈಯಷ್ಟು ಶ್ವಾಸಕೋಶ. ಅಷ್ಟು ಚಿಕ್ಕ ಮನೆಯೊಳಗೆ ಈ ಗಾಳಿ ಹೊಕ್ಕರೆ?

ಬುಧವಾರ ತಮ್ಮನ ಹೆಂಡತಿಯನ್ನು ಮೇಲೆ ಮಲಗಿಸಿ, ಕೆಳಕೋಣೆಯ ಕಿಟಕಿ ಎಂದಿನಂತೆ ಮುಚ್ಚಿ, ಅವಳು ಮೆಟ್ಟಿಲ ಮೇಲೆ ಕೂತಳು. ನಡುವಿನ ಬಾಗಿಲಿಗೆ ಗಾಜಿತ್ತು. ಗಾಜಿನಾಚೆ ಸ್ಟೂಲಿನ ಮೇಲೆ ಎರಡು ಪೆಟ್ಟಿಗೆ. ಮಡಿಲಲ್ಲಿ ನೋಟ್‌ಬುಕ್, ಕೈಯಲ್ಲಿ ಹಳೆಯ ಟಾರ್ಚ್. ಕಾಲು ಗಂಟೆಗೊಮ್ಮೆ ಬೆಳಕು ಬಿಟ್ಟು ಓದಿದಳು. ಹನ್ನೆರಡು ಗಂಟೆ, ಸೊನ್ನೆ. ಒಂದು ಗಂಟೆ, ಸೊನ್ನೆ. ಎರಡೂ ಕಾಲಿಗೆ ಹನ್ನೆರಡು ಎಂದು ಕಂಡಿತು. ಟಾರ್ಚ್ ಆರಿಸಿ ಮತ್ತೆ ಹಾಕಿದಳು. ಎರಡರಲ್ಲೂ ಹನ್ನೆರಡು. ಮೂರಕ್ಕೆ ಮೂವತ್ತೊಂದು. ಮೂರೂ ಮುಕ್ಕಾಲಿಗೆ ಐವತ್ತೆಂಟು.

ಕೋಣೆಯಲ್ಲಿ ಏನೂ ಬದಲಾಗಿರಲಿಲ್ಲ. ಬೆಳಕು ಅದೇ, ಮಡಿಸಿಟ್ಟ ಬಟ್ಟೆ ಅದೇ, ತೊಟ್ಟಿಲಿನ ಬಿಳಿ ದಿಂಬು ಅದೇ. ಖಾಲಿ ಕೋಣೆಗೆ ಯಾರೋ ಬರುತ್ತಿದ್ದರು, ಬಾಗಿಲಿಲ್ಲದೆ, ಸದ್ದಿಲ್ಲದೆ. ಎರಡು ಪುಟ್ಟ ಪೆಟ್ಟಿಗೆಗಳು ಮಾತ್ರ ಅವರನ್ನು ಎಣಿಸುತ್ತಿದ್ದವು. ಮೀಟರಕ್ಕನ ಮೈ ನವಿರೆದ್ದಿತು. ಹೆದರಿಕೆಯ ಜೊತೆಗೆ ಇನ್ನೇನೋ ಇತ್ತು. ಚಿಕ್ಕವಳಿದ್ದಾಗ ಮೊದಲ ಸಲ ಮೀಟರಿನ ಚಕ್ರ ತಾನೇ ತಿರುಗುವುದನ್ನು ಕಂಡಾಗ ಆದ ಹಾಗೆ.

ಅವಳು ಬಾಗಿಲು ಕಿಟಕಿ ತೆರೆದು ಹೊರಗೆ ಹೋದಳು. ಏಳಕ್ಕೆ ಬಂದು ನೋಡಿದರೆ ಸೊನ್ನೆ.

ಆಗ ಅವಳಿಗೆ ತನ್ನ ತಪ್ಪು ಕಂಡಿತು. ಮೆಟ್ಟಿಲ ಮೇಲೆ ಕೂತು ಪುಸ್ತಕದ ಮೊದಲ ಪುಟ ತೆರೆದಳು.

ಕರೆಂಟ್ ಮೀಟರು ಮರೆಯುವುದಿಲ್ಲ. ತಿಂಗಳಿಗೊಮ್ಮೆ ಹೋದರೂ ಆ ತಿಂಗಳಲ್ಲಿ ಉರಿದದ್ದನ್ನೆಲ್ಲ ಕೂಡಿಟ್ಟುಕೊಂಡು ಕಾದಿರುತ್ತದೆ. ಇಂದಿನದರಲ್ಲಿ ಹಿಂದಿನದನ್ನು ಕಳೆದರೆ ನಡುವೆ ನಡೆದದ್ದು ಗೊತ್ತಾಗುತ್ತದೆ. ಮೂವತ್ತೊಂದು ವರ್ಷ ಹಾಗೇ ಓದಿದ್ದಳು, ಇದನ್ನೂ ಹಾಗೇ ಓದಿದಳು. ಸೊನ್ನೆಯಲ್ಲಿ ಸೊನ್ನೆ ಕಳೆದರೆ ಸೊನ್ನೆ, ನಡುವೆ ಏನೂ ಆಗಿಲ್ಲ ಎಂದು. ಆದರೆ ಈ ಪೆಟ್ಟಿಗೆ ಏನನ್ನೂ ಕೂಡಿಡುವುದಿಲ್ಲ. ಈ ಗಳಿಗೆ ಎಷ್ಟು ಎಂದಷ್ಟೇ ಹೇಳುತ್ತದೆ. ಬೆಳಿಗ್ಗೆ ಏಳಕ್ಕೆ ಗಾಳಿ ಇನ್ನೂ ಬಂದಿರುತ್ತಿರಲಿಲ್ಲ, ಸಂಜೆ ಏಳಕ್ಕೆ ಕಿಟಕಿ ತೆರೆದು ಹೋಗಿಬಿಟ್ಟಿರುತ್ತಿತ್ತು. ಎಂಬತ್ತೆರಡು ಸೊನ್ನೆಯನ್ನು ಅಂದವಾಗಿ ಬರೆಯುತ್ತಿದ್ದ ದಿನಗಳಲ್ಲಿ ತಮ್ಮನ ಹೆಂಡತಿ ಅದೇ ಕೋಣೆಯಲ್ಲಿ ಹಣೆ ಒತ್ತಿಕೊಳ್ಳುತ್ತಿದ್ದಳು.

ಅವಳು ಮೇಲೆ ಹೋಗಿ ಹೇಳಿದಳು. "ನಾನು ತಪ್ಪು ಹೊತ್ತಲ್ಲಿ ಓದಿದೆ ಕಣೆ."

ತಮ್ಮನ ಹೆಂಡತಿ ಹಾಸಿಗೆಯಲ್ಲಿ ಎದ್ದು ಕೂತಳು. "ನೀವು ಓದಿದ್ರಲ್ಲ ಅಕ್ಕ. ನಾವು ಅದನ್ನೂ ಮಾಡ್ಲಿಲ್ಲ. ಈಗ ಸರಿ ಹೊತ್ತಲ್ಲಿ ಓದಿ."

ಗುರುವಾರ ಎಲೆಕ್ಟ್ರಿಷಿಯನ್ ಹೊಲಿಗೆ ಯಂತ್ರದ ಮೇಲೆ, ಇಸ್ತ್ರಿಪೆಟ್ಟಿಗೆಯ ಮೇಲೆ ಅನುಮಾನಪಟ್ಟ. ಎರಡನ್ನೂ ಹೊರಗಿಟ್ಟ. ಎರಡೂವರೆಗೆ ಅಂಕಿ ಏರಿತು. ಶುಕ್ರವಾರ ಕೆಳಕೋಣೆಯ ಮೇನ್ ಸ್ವಿಚ್ಚನ್ನೇ ಇಳಿಸಿದ. ಬ್ಯಾಟರಿಯ ಪೆಟ್ಟಿಗೆಗಳೆರಡನ್ನು ಬಿಟ್ಟರೆ ಆ ಕೋಣೆಯಲ್ಲಿ ಒಂದು ಎಳೆ ಕರೆಂಟೂ ಇರಲಿಲ್ಲ. ಆದರೂ ಅಂಕಿ ಏರಿತು. ಅವನು ಗಾಜಿನ ಮುಂದೆ ಟೆಸ್ಟರ್ ಹಿಡಿದು ನಿಂತೇ ಇದ್ದ.

"ಎಲ್ಲಾ ತೆಗೆದುಬಿಟ್ಟೆನಲ್ಲ ಅಕ್ಕ. ಇನ್ನು ಉಳಿದಿರೋದು ಗೋಡೆ."

ಶನಿವಾರವೂ ಹಾಗೆಯೇ ಆಯಿತು. ಭಾನುವಾರ, "ಇವತ್ತಾದ್ರೂ ಬಿಡು," ಎಂದು ತಮ್ಮ ಹೇಳಿದರೂ ಕೇಳದೆ ಮೀಟರಕ್ಕ ಮೆಟ್ಟಿಲ ಮೇಲೆ ಕೂತಳು. ಎರಡೂ ಕಾಲು, ಸೊನ್ನೆ. ಮೂರು, ಸೊನ್ನೆ. ನಾಲ್ಕು, ಸೊನ್ನೆ. ಕಿಟಕಿ ಮುಚ್ಚಿಯೇ ಇತ್ತು. ಐದರವರೆಗೆ ಒಮ್ಮೆಯೂ ಅಂಕಿ ಅಲುಗಲಿಲ್ಲ.

ಗಾಳಿಗೆ ವಾರದ ರಜೆ ಯಾರು ಕೊಟ್ಟರು?

ಅವಳು ನೋಟ್‌ಬುಕ್ಕನ್ನು ಊಟದ ಮೇಜಿನ ಮೇಲಿಟ್ಟು ಐದು ದಿನದ ಪುಟಗಳನ್ನು ಒಂದೊಂದಾಗಿ ತಿರುವಿದಳು. ಅಂಕಿಗಳನ್ನು ನೋಡಿ ನೋಡಿ ಕಣ್ಣು ಸೋತಿತು. ಆಮೇಲೆ ಹಳೆಯ ಚಾಳಿಯಂತೆ ಪಕ್ಕದಲ್ಲಿ ಬರೆದಿದ್ದ ಷರಾ ಓದಿದಳು. ಬುಧವಾರ: '12.40, ಅಡುಗೆಮನೆ ಲೋಟಗಳು ಗಲಗಲ.' ಗುರುವಾರ: '12.40, ಲೋಟ.' ಶುಕ್ರವಾರ: '12.45, ಲೋಟ. ಇವತ್ತು ಎರಡು ಸಲ.' ಶನಿವಾರ: '12.40, ಲೋಟ.' ಭಾನುವಾರದ ಷರಾದಲ್ಲಿ ಇದ್ದದ್ದು ಒಂದೇ: 'ಇರುವೆ ಸಾಲು.'

ದಿನಾ ಹನ್ನೆರಡೂ ನಲವತ್ತರ ಹೊತ್ತಿಗೆ ರಸ್ತೆಯಲ್ಲಿ ಸೀಟಿ ಊದಿ, ಜನ ತಡೆದು, ಬಂಡೆಗೆ ಮದ್ದಿಟ್ಟು ಸಿಡಿಸುತ್ತಿದ್ದರು. ಎರಡು ತಿಂಗಳಿಂದ ಕೇಳಿ ಕೇಳಿ ಮನೆಯವರಿಗೆ ಅದು ಕೇಳಿಸುವುದೇ ನಿಂತಿತ್ತು. ಭಾನುವಾರ ಕೆಲಸವಿಲ್ಲ.

"ಮದ್ದು ಉರಿಯೋದೇ ತಾನೆ?" ಎಂದಳು ಮೆಲ್ಲಗೆ.

ತಮ್ಮ ಅವಳ ಮುಖ ನೋಡಿದ. "ಅದು ಅಲ್ಲೆಲ್ಲೋ ಇದೆ ಅಕ್ಕ. ನಡುವೆ ಇರೋದು ಬಂಡೆ. ಬಂಡೇಲಿ ಗಾಳಿ ಹೇಗೆ ನಡೆಯುತ್ತೆ?"

ಸೋಮವಾರ ಬೆಳಿಗ್ಗೆ ಅವಳು ಹೊಲಿಗೆ ಡಬ್ಬಿಯಿಂದ ಕೆಂಪು ರೇಷ್ಮೆ ದಾರ ತೆಗೆದಳು. ಬಂಡೆಗೋಡೆಯನ್ನು ಟಾರ್ಚ್ ಹಿಡಿದು ಮೇಲಿಂದ ಕೆಳಗೆ, ಮೀಟರ್ ಪೆಟ್ಟಿಗೆಯ ಒಳಗನ್ನು ನೋಡುವಂತೆ ನೋಡಿದಳು. ತೊಟ್ಟಿಲಿನ ಹಿಂದೆ, ನೆಲದಿಂದ ಮೊಳದೆತ್ತರದಲ್ಲಿ ಒಂದು ಬಿರುಕು. ವಾರ್ನಿಷಿನ ಕೆಳಗೆ ಕೂದಲೆಳೆ ಅಂಟಿದಂತೆ ಇತ್ತು. ಅದರ ಮುಂದೆ ಕಡ್ಡಿಯೊಂದಕ್ಕೆ ದಾರ ಕಟ್ಟಿ ಇಳಿಬಿಟ್ಟಳು. ತೊಟ್ಟಿಲನ್ನು ತಾನೇ ಎತ್ತಿ ಹೊರಗಿಟ್ಟಳು. ದಾರ ನೆಟ್ಟಗೆ ನಿಂತಿತ್ತು.

ಹನ್ನೆರಡೂ ನಲವತ್ತಕ್ಕೆ ಲೋಟಗಳು ಗಲಗಲ ಎಂದವು. ಗಾಜಿನ ಹಿಂದೆ ಅಕ್ಕ ತಮ್ಮ ಇಬ್ಬರೂ ದಾರವನ್ನೇ ನೋಡುತ್ತ ನಿಂತರು. ಏನೂ ಇಲ್ಲ. ಒಂದೂವರೆ. ಏನೂ ಇಲ್ಲ. ಎರಡಕ್ಕೆ ಸ್ವಲ್ಪ ಮುಂಚೆ, ಮುಚ್ಚಿದ ಕೋಣೆಯಲ್ಲಿ, ಕೆಂಪು ದಾರದ ತುದಿ ಬಂಡೆಯಿಂದ ಈಚೆಗೆ ಒಂದು ಅಕ್ಕಿಕಾಳಿನಷ್ಟು ಸರಿಯಿತು. ಮತ್ತೆ ಹಿಂದೆ ಹೋಯಿತು. ಮತ್ತೆ ಸರಿಯಿತು.

"ಅಕ್ಕಾ," ಎಂದ ತಮ್ಮ.

ಮೀಟರಕ್ಕ ಚಪ್ಪಲಿ ಮೆಟ್ಟಿ ರಸ್ತೆಗೆ ಹೋದಳು. ಹೆಜ್ಜೆ ಎಣಿಸಿದಳು. ತೊಂಬತ್ತನೆಯ ಹೆಜ್ಜೆಗೆ ಗುಂಡಿಯ ಅಂಚು. ಕಲ್ಲು ಹಾರದಿರಲೆಂದು ಗುಂಡಿಯ ಮೇಲೆ ಕಬ್ಬಿಣದ ಚಾಪೆ, ಅದರ ಮೇಲೆ ಮಣ್ಣು. ಬ್ಲಾಸ್ಟಿಂಗ್ ಮೇಸ್ತ್ರಿ, ಮೀಸೆಯ ತುಂಬ ಬಿಳಿ ಧೂಳಿನವನು, ಟೀ ಕುಡಿಯುತ್ತಿದ್ದ. ಅವಳು ಹೇಳಿದ್ದನ್ನು ಕೇಳಿ ನಕ್ಕ.

"ಅಮ್ಮಾ, ಹೊಗೆ ಮೇಲಕ್ಕೆ ಹೋಗುತ್ತೆ. ಪಕ್ಕಕ್ಕೆ ನಡ್ಕೊಂಡು ನಿಮ್ಮನೆ ಹುಡುಕ್ಕೊಂಡು ಬರಲ್ಲ."

"ಮೇಲಕ್ಕೆ ಹೋಗೋಕೆ ನೀವು ದಾರಿ ಎಲ್ಲಿ ಬಿಟ್ಟಿದ್ದೀರಿ? ಚಾಪೆ ಹಾಸಿ ಮಣ್ಣು ಮುಚ್ಚಿದ್ದೀರಲ್ಲ. ಯಾವಾಗ ತೆಗೀತೀರಿ?"

"ನಾಳೆ ಬೆಳಿಗ್ಗೆ. ಯಂತ್ರ ಬರೋದೇ ಆಗ."

"ಅಲ್ಲೀವರೆಗೆ ಒಳಗಿರೋದು ಏನು ಮಾಡುತ್ತೆ?"

ಮೇಸ್ತ್ರಿಯ ಲೋಟ ತುಟಿಯ ಹತ್ತಿರವೇ ನಿಂತಿತು. ಅವಳು ನೋಟ್‌ಬುಕ್ ಮುಂದೆ ಹಿಡಿದಳು. ಅವನು ಅಂಕಿ ಓದಬಲ್ಲವನಾಗಿದ್ದ. ಬುಧ, ಗುರು, ಶುಕ್ರ, ಶನಿ, ಭಾನು ಎಂದು ಬೆರಳಿಟ್ಟು ಇಳಿದ. ಭಾನುವಾರಕ್ಕೆ ಬಂದಾಗ ಬೆರಳು ನಿಂತಿತು. ಲೋಟ ಕೆಳಗಿಟ್ಟು ಎದ್ದ.

ಅವನು ಕೆಳಕೋಣೆಗೆ ಬಂದಾಗ ಮೂರು ಗಂಟೆ, ಅಂಕಿ ನಲವತ್ತು. "ಒಂದೇ ನಿಮಿಷ," ಎಂದು ಎಲೆಕ್ಟ್ರಿಷಿಯನ್ ಬಾಗಿಲು ತೆರೆದ. ಮೇಸ್ತ್ರಿ ಮಂಡಿಯೂರಿ, ಅಲುಗುವ ದಾರ ನೋಡಿ, ಬಂಡೆಯ ಮೇಲೆ ಅಂಗೈ ಇಟ್ಟ. ಇಪ್ಪತ್ತಾರು ವರ್ಷ ಬಂಡೆ ಒಡೆದ ಕೈ ಅದು. ಜ್ವರ ಬಂದವರ ಹಣೆ ಮುಟ್ಟುವ ಹಾಗೆ ಮುಟ್ಟಿದ. ಹೊರಗೆ ಬಂದು ಅಂಗೈ ನೋಡಿಕೊಂಡ.

"ನಾವು ಬಂಡೆ ಅಂದ್ರೆ ಗಟ್ಟಿ ಅಂತೀವಿ," ಎಂದ. "ಒಡೆದಾಗ ಒಳಗೆ ಗೆರೆ ಕಾಣುತ್ತೆ. ಎಲೆಯ ನರದ ಹಾಗೆ, ಎಲ್ಲಾ ಕಡೆ. ದಿನಾ ನೋಡ್ತೀನಿ. ಆ ಗೆರೆ ಎಲ್ಲಿಗಾದ್ರೂ ಹೋಗ್ತಿರಬಹುದು ಅಂತ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಅನ್ನಿಸ್ಲಿಲ್ಲ ನೋಡಿ. ಒಳಗೆ ಮಗು ಇದೆಯಾ?"

"ಶುಕ್ರವಾರ ಬರುತ್ತೆ."

ಮಂಗಳವಾರ ಅವನು ಬೆಳಿಗ್ಗೆಯೇ ಯಂತ್ರ ತರಿಸಿ ನಿಲ್ಲಿಸಿಕೊಂಡ. ಸಿಡಿಸಿ, ಹೊಗೆ ಕಳೆದ ತಕ್ಷಣ ಚಾಪೆ ಎತ್ತಿಸಿ, ಒಡೆದ ಕಲ್ಲನ್ನೆಲ್ಲ ಬಗೆದು ಹಾಕಿಸಿದ. ಆ ದಿನ ಕೆಳಕೋಣೆಯ ಅಂಕಿ ಹದಿನಾಲ್ಕಕ್ಕೆ ಬಂದು ನಿಂತು ಇಳಿದುಹೋಯಿತು. "ಹದಿನಾಲ್ಕು," ಎಂದಳು ಮೀಟರಕ್ಕ ಗುಂಡಿಯ ಅಂಚಿಗೆ ಬಂದು. "ಹದಿನಾಲ್ಕೂ ಬೇಡ," ಎಂದ ಮೇಸ್ತ್ರಿ. ಬುಧವಾರದಿಂದ ಆ ಬದಿಯಲ್ಲಿ ಮದ್ದಿಡುವುದು ನಿಂತಿತು. ಕಲ್ಲು ಕುಟ್ಟುವ ಯಂತ್ರ ಬಂದು ದಿನವಿಡೀ ಗಡಗಡ ಸದ್ದು ಮಾಡಿತು. ಲೋಟಗಳು ಬೆಳಗ್ಗಿಂದ ಸಂಜೆವರೆಗೆ ಕುಣಿದವು. ಮನೆಯಲ್ಲಿ ಯಾರೂ ಗೊಣಗಲಿಲ್ಲ. ಎಲೆಕ್ಟ್ರಿಷಿಯನ್ ಬಿರುಕಿಗೆ ಸಿಮೆಂಟು ತುಂಬಿ, ಕಿಟಕಿಗೆ ಗಾಳಿ ಹೊರಹಾಕುವ ಫ್ಯಾನ್ ಕೂರಿಸಿದ. ಬುಧ, ಗುರು ಎರಡೂ ದಿನ, ಮುಚ್ಚಿದ ಕಿಟಕಿಯಲ್ಲಿ, ಕಾಲು ಗಂಟೆಗೊಮ್ಮೆ ಸೊನ್ನೆ.

ಗುರುವಾರ ಸಂಜೆ ಮೀಟರಕ್ಕ ಪೇಟೆಗೆ ಹೋಗಿ ಬಂದಳು. ಮೂವತ್ತೊಂದು ವರ್ಷ ತುಳಿದ ಬೀದಿ. ಪ್ರತಿ ಬಾಗಿಲು, ಪ್ರತಿ ನಾಯಿ ಅವಳಿಗೆ ಗೊತ್ತು. ಕೆಳಗೇನಿದೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಈಗ ಹೆಜ್ಜೆ ಇಟ್ಟಲ್ಲೆಲ್ಲ ಅದು ನೆನಪಾಗುತ್ತಿತ್ತು. ಈ ಕಲ್ಲಿನೊಳಗೂ ಬೀದಿಗಳಿವೆ. ಓಣಿಗಳಿವೆ, ಅಡ್ಡರಸ್ತೆಗಳಿವೆ. ಯಾರೂ ಹೆಸರಿಡದ ಆ ಬೀದಿಗಳು ಒಬ್ಬರ ಗೋಡೆಯಿಂದ ಇನ್ನೊಬ್ಬರ ಗೋಡೆಗೆ ಸದ್ದಿಲ್ಲದೆ ತಲುಪುತ್ತವೆ. ಅವಳು ರಸ್ತೆಯ ನಡುವೆ ನಿಂತುಬಿಟ್ಟಳು. ಹಿಂದಿನ ಸೈಕಲ್ಲಿನವನು ಬೆಲ್ ಬಾರಿಸಿ, "ಮೀಟರಕ್ಕ, ಇಲ್ಲೇನು ಓದ್ತಾ ಇದ್ದೀರಿ?" ಎಂದ. "ಕಾಣ್ತಾ ಇಲ್ಲ, ಅದೇ ನೋಡ್ತಾ ಇದ್ದೀನಿ," ಎಂದಳು.

ಶುಕ್ರವಾರ ಹತ್ತು ಗಂಟೆಗೆ ಮಗಳು ಕೂಸನ್ನೆತ್ತಿಕೊಂಡು ನೇರ ಕೆಳಕೋಣೆಗೆ ಬಂದಳು. ತೊಟ್ಟಿಲು ಬಂಡೆಯಿಂದ ದೂರ, ಕಿಟಕಿಯ ಕೆಳಗಿತ್ತು. ಗೋಡೆಯಲ್ಲಿ ಸಿಮೆಂಟಿನ ಬೂದು ಗೆರೆ, ಅದರ ಮುಂದೆ ಕೆಂಪು ದಾರ ಇನ್ನೂ ಇಳಿಬಿದ್ದಿತ್ತು.

"ಇದೇನತ್ತೆ, ಅಲಂಕಾರಾನಾ?"

"ಮುಟ್ಟಬೇಡ. ಅದು ಡ್ಯೂಟಿ ಮೇಲಿದೆ."

ಮಧ್ಯಾಹ್ನ ಎಲ್ಲರೂ ಮಲಗಿದಾಗ ಮೀಟರಕ್ಕ ತೊಟ್ಟಿಲ ಪಕ್ಕ ಕೂತು ಓದಿದಳು. ಎರಡೂ ಕಾಲು, ಸೊನ್ನೆ. ಮೂರು, ಸೊನ್ನೆ. ಕೂಸಿನ ಎದೆ ಏರಿ ಇಳಿಯುತ್ತಿತ್ತು, ಅಷ್ಟು ಚಿಕ್ಕದಾಗಿ, ಅಷ್ಟು ಬೇಗಬೇಗ. ಕಾಣದ ಗಾಳಿಯನ್ನು ಕಾಣದ ರಕ್ತಕ್ಕೆ ಸೇರಿಸುವ ಈ ಕೆಲಸ ಯಾವ ಮೀಟರೂ ಇಲ್ಲದೆ, ಯಾರೂ ನೋಡದೆ, ಎಷ್ಟು ಮನೆಗಳಲ್ಲಿ ನಡೆಯುತ್ತಿದೆ ಎಂದುಕೊಂಡಳು. ಎಣಿಸಲು ಹೊರಟು ಕೈಬಿಟ್ಟಳು. ದಾರದ ಕಡೆ ನೋಡಿದಳು. ನೆಟ್ಟಗೆ ನಿಂತಿತ್ತು.

ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟಗಳಿಗೆ ಹೋದಳು. ಎಂಬತ್ತೆರಡು ಸೊನ್ನೆ. ಒಂದನ್ನೂ ಅಳಿಸಲಿಲ್ಲ, ಬರೆದ ರೀಡಿಂಗನ್ನು ಅಳಿಸುವುದು ಅವಳ ಕೆಲಸದಲ್ಲಿ ಇರಲಿಲ್ಲ. ಒಂದೊಂದರ ಷರಾದಲ್ಲೂ ಪೆನ್ಸಿಲ್ಲಿನಿಂದ ಬರೆಯುತ್ತ ಹೋದಳು: 'ಏಳು ಗಂಟೆಗೆ ಮಾತ್ರ.' 'ಏಳು ಗಂಟೆಗೆ ಮಾತ್ರ.'

ತಮ್ಮನ ಹೆಂಡತಿ ಎದ್ದು ಬಂದು ಹಿಂದಿನಿಂದ ಬಗ್ಗಿ ನೋಡಿದಳು. ಒಂದು ಪುಟ ಪೂರ್ತಿ ಓದಿದಳು. ಅವಳ ಕೈ ಮೀಟರಕ್ಕನ ಭುಜದ ಮೇಲೆ ಸ್ವಲ್ಪ ಹೊತ್ತು ಇತ್ತು.

"ಎಂಬತ್ತೆರಡಕ್ಕೂ ಬರೀತೀರಾ?"

"ಹ್ಞೂಂ."

"ಹಾಗಾದ್ರೆ ಸ್ವಲ್ಪ ಸರ್ಕೊಳ್ಳಿ, ನಾನು ಕೂಸನ್ನ ನೋಡ್ಕೋತೀನಿ," ಎಂದು ಅವಳು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಅಕ್ಕ, ಮೂರೂ ಕಾಲಾಯ್ತು," ಎಂದಳು.

ಮೀಟರಕ್ಕ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಟಾರ್ಚ್ ಎತ್ತಿಕೊಂಡಳು.